ಕಾಲು ತೊಳೆಯುವ ಕಟ್ಟೆಯ ಮಾತು

"ಆ ಪೆಟ್ಟಿಗೆಗೆ ಬೆಂಕಿ ಇಡೋ ಗಂಡಸು ಒಬ್ಬನೂ ಇಲ್ವಾ ಈ ಊರಲ್ಲಿ?"

ಗುರುಮಲ್ಲಪ್ಪನವರು ಇದನ್ನು ಯಾರನ್ನೂ ಕೇಳಲಿಲ್ಲ. ಸೇತುವೆ ದಾಟಿದ ಕೂಡಲೇ ಸಿಗುವ ಕಾಲು ತೊಳೆಯುವ ಕಟ್ಟೆಯ ಮೇಲೆ ನಿಂತು, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಹಿಮ್ಮಡಿಗೆ ನೀರು ಹೊಯ್ದುಕೊಳ್ಳುತ್ತ, ಎದುರಿಗಿದ್ದ ಕಲ್ಲುಕಂಬದ ಕಡೆ ನೋಡಿ ಕೇಳಿದರು. ಕೇಳಿ, ಚೊಂಬನ್ನು ಬೋರಲು ಹಾಕಿ, ಮೇಲುವಸ್ತ್ರದಲ್ಲಿ ಕಾಲು ಒರೆಸಿಕೊಂಡು ಮನೆಗೆ ಹೋದರು. ದೀಪ ಹಚ್ಚುವ ಹೊತ್ತು. ಅವರ ಹಿಂದೆ ಮುಂದೆ ಏಳೆಂಟು ಜನ ಇದ್ದೆವು. ಅವರು ಹೋದರು, ನಾವು ಹೋದೆವು, ಮಾತು ಅಲ್ಲೇ ಉಳಿಯಿತು.

ನಮ್ಮೂರಿನಲ್ಲಿ ಕೆಲವು ಮಾತುಗಳು ಹಾಗೆ ಉಳಿದುಬಿಡುತ್ತವೆ. ಆಡಿದ ಜಾಗದಲ್ಲೇ, ಆಡಿದ ಹೊತ್ತಿಗೇ, ಸುಮ್ಮನೆ ನಿಂತವರಿಗೆ ಮತ್ತೆ ಕೇಳಿಸುತ್ತವೆ. ಎಲ್ಲ ಮಾತೂ ಅಲ್ಲ. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿದ್ದು ಸಂಜೆಗೆಲ್ಲ ಹೋಗಿರುತ್ತದೆ. ಯಾವುದು ಹೋಗುತ್ತದೆ, ಯಾವುದು ನಿಲ್ಲುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲವಾದ್ದರಿಂದ ನಮ್ಮವರು ತಲೆತಲಾಂತರದಿಂದ ಬಾಯಿಯ ಮೇಲೆ ಒಂದು ಕಣ್ಣಿಟ್ಟೇ ಬದುಕುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುವ ಮೊದಲು ಅಡುಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ಮಾತಿಲ್ಲದೆ ಕೂರುತ್ತಾರೆ. ಮನೆ ಕೊಳ್ಳುವವರು ಬುತ್ತಿ ಕಟ್ಟಿಕೊಂಡು ಬಂದು ಖಾಲಿ ಮನೆಯಲ್ಲಿ ಒಂದು ಹಗಲು ಪೂರ್ತಿ ಕಳೆಯುತ್ತಾರೆ. ಗಂಡ ಹೆಂಡತಿಗೆ ಜಗಳ ಬಂದರೆ ಹಳ್ಳದಾಚೆಯ ಬಯಲಿಗೆ ಹೋಗಿ ಆಡಿ ಬರುತ್ತಾರೆ. ಹಳ್ಳದಾಚೆ ಯಾವ ಮಾತೂ ನಿಲ್ಲುವುದಿಲ್ಲ. ಅಲ್ಲಿಗೆ ಮುಕ್ಕಾಲು ಮೈಲಿ ನಡೆಯಬೇಕು, ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಹೋಗುವಾಗ ಹತ್ತು ಮಾರು ಹಿಂದೆ ಮುಂದೆ ಹೋದವರು ಬರುವಾಗ ಕಾರೆಹಣ್ಣು ಕಿತ್ತುಕೊಂಡು ಜೊತೆಯಲ್ಲಿ ಬರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಹಿಂತಿರುಗಿದವರು ಕಟ್ಟೆಯಲ್ಲಿ ಕಾಲು ತೊಳೆದು ಊರೊಳಗೆ ಬರಬೇಕು. ಬಯಲಿನ ಬಾಯಿ ಬಯಲಿಗೇ ಬಿಟ್ಟು ಬಂದೆ ಎನ್ನುವುದಕ್ಕೆ ಅದೊಂದು ಗುರುತು.

ನನ್ನ ಹೆಸರು ಗಂಗಾಂಬಿಕೆ, ಊರಿಗೆಲ್ಲ ಗಂಗಕ್ಕ. ನನ್ನ ಕೆಲಸ ಮಾತು ಹೊದಿಸುವುದು. ಬಾಯಿ ತಪ್ಪಿ ಆಡಿದ್ದು, ಜ್ವರದಲ್ಲಿ ಬಡಬಡಿಸಿದ್ದು, ಅತ್ತೆ ಸೊಸೆಗೆ ಅಂದು ಆಮೇಲೆ ತಾನೇ ನೊಂದುಕೊಂಡದ್ದು, ಇಂಥದ್ದೇನಾದರೂ ಮನೆಯಲ್ಲಿ ಉಳಿದುಹೋದರೆ ನನ್ನನ್ನು ಕರೆಯುತ್ತಾರೆ. ಚಾಪೆ ಸುತ್ತಿಕೊಂಡು ಹೋಗುತ್ತೇನೆ. ಆ ಜಾಗದಲ್ಲಿ, ಆ ಹೊತ್ತಿಗೆ ಕೂತು ದೇವರ ಪದ್ಯಗಳನ್ನು ರಾಗವಾಗಿ ಹೇಳುತ್ತೇನೆ. ಇಪ್ಪತ್ತೊಂದು ದಿನ ಹೇಳಿದರೆ ಅಲ್ಲಿ ಆ ಮಾತು ಕೇಳಿಸುವುದಿಲ್ಲ, ಪದ್ಯ ಕೇಳಿಸುತ್ತದೆ. ಅಪ್ಪನಿಂದ ಬಂದ ಕೆಲಸ ಇದು. ಅಪ್ಪ ಶಾಂತವೀರಯ್ಯನವರು ಸೋಮವಾರ ಸೋಮವಾರ ಗುಡಿಯ ಮಂಟಪದಲ್ಲಿ ಪದ್ಯ ಹೇಳುತ್ತಿದ್ದರು. ಓದಿ ಕಲಿತದ್ದಲ್ಲ ನಾನು, ಅವರ ಬೆನ್ನ ಹಿಂದೆ ಕೂತು ಕೇಳಿ ಕಲಿತದ್ದು. ಆರು ವರ್ಷಕ್ಕೇ ನನಗೆ ಅಲ್ಲೊಂದು ಕೆಲಸ ಕೊಟ್ಟಿದ್ದರು. ಪದ್ಯದ ಒಂದು ಸಾಲು ಮುಗಿದ ಕಡೆ "ಹೂಂ" ಅನ್ನುವುದು. ಹೂಂ ಅನ್ನುವವರು ಇಲ್ಲದಿದ್ದರೆ ಪದ್ಯ ಹೇಳುವವನಿಗೆ ಮುಂದಕ್ಕೆ ಹೆಜ್ಜೆ ಎತ್ತಲಾಗುವುದಿಲ್ಲ ಎನ್ನುತ್ತಿದ್ದರು ಅಪ್ಪ. ದೇವರು ತೊಟ್ಟಿಲಲ್ಲಿ ನಕ್ಕ ಪದ್ಯಕ್ಕೂ ಹೂಂ, ಯುದ್ಧದಲ್ಲಿ ರುಂಡ ಉರುಳಿದ ಪದ್ಯಕ್ಕೂ ಹೂಂ. ಉಸಿರಾಡಿದಷ್ಟು ಸಲೀಸಾಗಿ ಅನ್ನುತ್ತಿದ್ದೆ.

ಹೊದಿಸಿದ ಮಾತು ಮತ್ತೆ ಬರುವುದಿಲ್ಲ. ಇದನ್ನು ನಾನು ಅಪ್ಪನಿಂದ ಕಲಿಯಲಿಲ್ಲ, ಸ್ವಂತ ತಪ್ಪಿನಿಂದ ಕಲಿತೆ. ಹದಿನಾಲ್ಕನೇ ವಯಸ್ಸಿನಲ್ಲಿ ಪದ್ಯ ಪಾಠ ಮಾಡಿಕೊಳ್ಳುವ ಹುರುಪಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಒಲೆಯ ಮುಂದೆ ಕೂತು, ಬೆಚ್ಚಗಿರುತ್ತದೆಂದು ಅಲ್ಲೇ ಕೂತು, ಒಂದೂವರೆ ತಿಂಗಳು ಹೇಳಿದೆ. ಮರುವರ್ಷ ಅವ್ವ ತೀರಿಕೊಂಡಳು. ಹದಿನೈದು ವರ್ಷ ಅವ್ವ ಆ ಒಲೆಯ ಮುಂದೆ ನನ್ನನ್ನು ಎಬ್ಬಿಸಿದ್ದಳು, ರೇಗಿದ್ದಳು, ನಕ್ಕಿದ್ದಳು. ತಿಥಿ ಮುಗಿದ ಬೆಳಿಗ್ಗೆ ಮನೆಯವರೆಲ್ಲ ಒಲೆಯ ಮುಂದೆ ಕೂತರು. ಕೇಳಿಸಿದ್ದು ನನ್ನ ಪದ್ಯ. ಯಾರೂ ನನ್ನನ್ನು ಬಯ್ಯಲಿಲ್ಲ. ಅಪ್ಪ ಎದ್ದು ಹೊರಗೆ ಹೋಗಿ ಹಸುವಿಗೆ ಹುಲ್ಲು ಹಾಕಿದರು. ಅಂದಿನಿಂದ ಯಾವ ಜಾಗದಲ್ಲೇ ಆಗಲಿ, ಹೊದಿಸುವ ಮೊದಲು ಏಳು ದಿನ ಸುಮ್ಮನೆ ಕೂತು ಕೇಳುತ್ತೇನೆ. ಏನನ್ನು ಮುಚ್ಚುತ್ತಿದ್ದೇನೆ ಎಂದು ಪೂರ್ತಿ ಗೊತ್ತಾಗಬೇಕು. ಆ ಏಳು ದಿನಕ್ಕೆ ಎಂಥ ಅವಸರದವರೂ ಕಾಯಲೇಬೇಕು.

ಗುರುಮಲ್ಲಪ್ಪನವರ ಮಾತಿಗೆ ಬರುತ್ತೇನೆ. ನಮ್ಮೂರಿಗೆ ಐದು ವರ್ಷಕ್ಕೊಮ್ಮೆ ಚೀಟಿ ಹಾಕಿ ಯಜಮಾನಿಕೆಗೆ ಒಬ್ಬರನ್ನು ಆರಿಸುತ್ತೇವೆ. ಮೊದಲೆಲ್ಲ ಅದರ ಸಭೆಗಳು ಊರೊಳಗೇ ನಡೆಯುತ್ತಿದ್ದವು. ನಾನು ಚಿಕ್ಕವಳಿದ್ದಾಗ ಅವು ಎಷ್ಟು ನೀರಸವಾಗಿರುತ್ತಿದ್ದವೆಂದರೆ ಮಕ್ಕಳನ್ನು ಮಲಗಿಸಲು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಆಮೇಲೆ ಯಾರಿಗೆ ಹೊಳೆಯಿತೋ, ಸಭೆಗಳು ಒಂದೊಂದಾಗಿ ಹಳ್ಳದಾಚೆಗೆ ಹೋದವು. ಅಲ್ಲಿ ಏನು ಅಂದರೂ ನಿಲ್ಲುವುದಿಲ್ಲವಲ್ಲ. ಜನ ಸಂಜೆಗೆ ಬಯಲಿಗೆ ಹೋಗುವರು, ಗಂಟಲು ಕಟ್ಟುವವರೆಗೆ ಕೂಗುವರು, ಕೆಂಪಗಿನ ಮುಖ ಹೊತ್ತು ಬಂದು ಕಾಲು ತೊಳೆದು, ಅದೇ ಬಾಯಲ್ಲಿ ಎದುರು ಪಕ್ಷದವರನ್ನು ಊಟ ಆಯ್ತಾ ಎಂದು ಕೇಳುವರು. ಇದೂ ಒಂದು ಅನುಕೂಲವೇ ಅಂದುಕೊಂಡಿದ್ದೆವು.

ಆ ವರ್ಷ ಗುರುಮಲ್ಲಪ್ಪನವರ ಎದುರು ಶಾಲೆಯ ಪಂಕಜಾಕ್ಷಿ ಮೇಡಂ ನಿಂತಿದ್ದರು. ಎರಡು ಸಲ ಯಜಮಾನಿಕೆ ಮಾಡಿದ್ದ ಗುರುಮಲ್ಲಪ್ಪನವರು ಕೆಟ್ಟವರಲ್ಲ. ಗುಡಿಯ ದೀಪಕ್ಕೆ ವರ್ಷವಿಡೀ ಅವರ ಗಾಣದ ಎಣ್ಣೆಯೇ ಬರುತ್ತಿತ್ತು. ಅಪ್ಪನ ಪದ್ಯಕ್ಕೆ ಮೊದಲ ಸಾಲಿನಲ್ಲಿ ಕೂತು ಕಣ್ಣೀರು ಸುರಿಸುತ್ತಿದ್ದ ಮನುಷ್ಯ. ಅಪ್ಪ ಹೋದ ವರ್ಷ ನಮ್ಮ ಮನೆಯ ಹೆಂಚು ಹಾರಿದಾಗ ತಾವೇ ಏಣಿ ಹತ್ತಿದ್ದರು. ಆದರೆ ಚೀಟಿ ಹಾಕಿದ ದಿನ ಮೇಡಂ ಕಡೆಗೇ ಹೆಚ್ಚು ಬಿದ್ದಿವೆ ಎಂಬ ಸುದ್ದಿ ಹಬ್ಬಿತು. ಬಯಲಿನಲ್ಲಿ ಯಾರೋ, ಪೆಟ್ಟಿಗೆಯೊಳಗೆ ಸುಳ್ಳು ಚೀಟಿ ತುಂಬಿದ್ದಾರೆ ಅಂದರು. ಅಂದದ್ದು ಅಲ್ಲಿ ನಿಲ್ಲಲಿಲ್ಲ, ಹೌದೋ ಅಲ್ಲವೋ ಎಂದು ಮರುದಿನ ಹೋಗಿ ಕೇಳಿ ನೋಡುವಂತಿರಲಿಲ್ಲ. ಎರಡು ಸಂಜೆ ಅದೇ ಮಾತು. ಎರಡನೇ ಸಂಜೆ ಹಿಂತಿರುಗುವಾಗ ಗುರುಮಲ್ಲಪ್ಪನವರ ಬಾಯಿ ಇನ್ನೂ ಬಯಲಿನಲ್ಲೇ ಇತ್ತು, ಕಾಲು ಮಾತ್ರ ಸೇತುವೆ ದಾಟಿತ್ತು. ನಾನು ಹಳ್ಳದಾಚೆಯ ಸಣ್ಣ ಗುಡಿಗೆ ದೀಪ ಹಚ್ಚಿ ಬರುತ್ತಿದ್ದವಳು ಅವರ ಪಕ್ಕದ ಕಲ್ಲಿನ ಮೇಲೆ ಕಾಲು ತೊಳೆಯುತ್ತಿದ್ದೆ. ಅವರು ಕಂಬವನ್ನು ಕೇಳಿದ್ದು ನನ್ನ ಕಿವಿಯಾರೆ ಕೇಳಿದೆ. ಇಬ್ಬರು ಮೂವರು ನಕ್ಕರು. ಬಯಲಿನ ಮಾತಿನ ಬಾಲ ಎಂದುಕೊಂಡು ನಾನು ಮನೆಗೆ ಬಂದೆ, ರೊಟ್ಟಿ ತಟ್ಟಿದೆ.

ಮಾರನೆಯ ಮಧ್ಯಾಹ್ನ ಚಾವಡಿಗೆ ಬೆಂಕಿ ಬಿತ್ತು.

ಇನ್ನೂ ಎಣಿಸದ ಚೀಟಿಗಳ ಪೆಟ್ಟಿಗೆ ಚಾವಡಿಯಲ್ಲಿತ್ತು. ಅದಕ್ಕೆ ಕಾವಲು ಜವರಯ್ಯ, ಅರವತ್ತು ದಾಟಿದವನು. ಆ ಹೊತ್ತಿಗೆ ಬುತ್ತಿ ಬಿಚ್ಚಿ ಮುದ್ದೆ ಮುರಿಯುತ್ತಿದ್ದ. ಮೂವರು ಸೀಮೆಎಣ್ಣೆ ಡಬ್ಬ ಹಿಡಿದು ಒಳಗೆ ಬಂದರು. ಮೂವರೂ ಊರಿನವರೇ, ಹೆಂಡತಿ ಮಕ್ಕಳಿದ್ದವರು. ಗುರುಮಲ್ಲಪ್ಪನವರ ಗಾಣದಲ್ಲಿ ದುಡಿಯುವ, ಹಿಂದಿನ ಸಂಜೆ ಕಟ್ಟೆಯಲ್ಲೂ ಇದ್ದ ಚಿಕ್ಕೀರ ಮುಂದಿದ್ದ. ಹೊರಗೆ ಹೋಗು ಅಂದರಂತೆ. ಇವನು ಪೆಟ್ಟಿಗೆ ಬಿಟ್ಟು ಹೋಗಲಿಲ್ಲ. ಹುಲ್ಲಿನ ಸೂರು, ಬೇಸಿಗೆ, ಬಹಳ ಹೊತ್ತು ಹಿಡಿಯಲಿಲ್ಲ. ಓಡಿಹೋಗುತ್ತಾನೆ ಅಂದುಕೊಂಡಿದ್ದೆವು ಎಂದು ಆ ಮೂವರೂ ಆಮೇಲೆ ಅತ್ತರು. ಅವರು ಅಲ್ಲಿ ಆಡಿದ್ದು ಒಂದೂ ಉಳಿಯಲಿಲ್ಲ. ಜವರಯ್ಯ ಆಡಿದ್ದು ಉಳಿಯಿತು. ಮಸಿ ಹಿಡಿದ ಹೊಸ್ತಿಲ ಹತ್ತಿರ ಮಧ್ಯಾಹ್ನ ನಿಂತರೆ ಈಗಲೂ ಕೇಳಿಸುತ್ತದೆ.

"ಬಾರೋ ಚಿಕ್ಕೀರ. ಬನ್ರಪ್ಪಾ, ಊಟ ಮಾಡಿ."

ಅದರಿಂದಲೇ ಅವರು ಸಿಕ್ಕಿದ್ದು. ಹೊರಗಿನಿಂದ ವಿಚಾರಣೆಯವರು ಬಂದರು. ಅವರಿಗೆ ನಮ್ಮೂರಿನ ರೀತಿ ಹೊಸದು. ಹೊಸ್ತಿಲ ಹತ್ತಿರ ನಿಂತು ಕೇಳಿ, ಅವರಲ್ಲಿ ಒಬ್ಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕಾಲು ತೊಳೆಯುವ ಕಟ್ಟೆಗೂ ಹೋದರು, ಕೇಳಿದರು, ಬರೆದುಕೊಂಡರು. ಬೆಂಕಿ ಇಡು ಅಂತ ಯಾರು ಹೇಳಿದರು ಎಂದು ಚಿಕ್ಕೀರನನ್ನು ಕೇಳಿದರೆ, ಯಾರೂ ಹೇಳಲಿಲ್ಲ ಸ್ವಾಮಿ ಅಂದ. ಅದು ನಿಜವೇ ಆಗಿತ್ತು. ಪ್ರಶ್ನೆ ಕೇಳಿದ್ದು ಅಪ್ಪಣೆ ಕೊಟ್ಟಂತಾಗುವುದಿಲ್ಲ ಎಂದು ಗುರುಮಲ್ಲಪ್ಪನವರನ್ನು ಬಿಟ್ಟು, ಮೂವರನ್ನು ಕರೆದುಕೊಂಡು ಹೊರಟುಹೋದರು. ಮತ್ತೆ ಚೀಟಿ ಹಾಕಿದೆವು. ಮೇಡಂ ಗೆದ್ದರು. ಇನ್ನು ಮೇಲೆ ಸಭೆಗಳೆಲ್ಲ ಊರೊಳಗೇ ಆಗಬೇಕು ಎಂಬುದೊಂದೇ ಅವರು ಮಾಡಿದ ಹೊಸ ಕಟ್ಟಳೆ. ಭಾಷಣಗಳು ಮೊದಲಿನಂತೆ ಚಿಕ್ಕವಾದವು, ಸಪ್ಪೆಯಾದವು. ಹೋದ ತಿಂಗಳ ಸಭೆಯಲ್ಲಿ ಅರ್ಧ ಜನ ಆಕಳಿಸುತ್ತ ಕೂತಿದ್ದರು. ಆ ಆಕಳಿಕೆ ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮನೆಗೆ ಬಂದು ದೇವರಿಗೆ ಇನ್ನೊಂದು ಬತ್ತಿ ಹೆಚ್ಚಿಗೆ ಹಚ್ಚಿದೆ.

ಜವರಯ್ಯನ ಹೆಂಡತಿ ಮಾದಮ್ಮ ದಿನಾ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಚಾವಡಿಗೆ ಹೋಗುತ್ತಾಳೆ. ಹೊಸ ಚಾವಡಿಯನ್ನು ಪಕ್ಕದಲ್ಲಿ ಕಟ್ಟಿ ಹಳೆಯ ಹೊಸ್ತಿಲನ್ನು ಹಾಗೇ ಬಿಟ್ಟಿದ್ದಾರೆ, ಅದರ ಮೇಲೆ ಸಣ್ಣದೊಂದು ಚಪ್ಪರವಿದೆ. ಅಲ್ಲಿ ಕೂತು ಕಾಯುತ್ತಾಳೆ. ಗಂಡ ಊಟಕ್ಕೆ ಕರೆದ ಮೇಲೆ ಬುತ್ತಿ ಬಿಚ್ಚುತ್ತಾಳೆ. ಮೊದಲ ಸಲ ನಾನು ಅವಳ ಪಕ್ಕದಲ್ಲಿ ಕೂತು ಅದನ್ನು ಕೇಳಿದಾಗ ಎದ್ದು ಹೋಗಲು ನೋಡಿದೆ. ಅವಳು ಸೊಪ್ಪಿನ ಪಲ್ಯ ನನ್ನ ಕಡೆ ತಳ್ಳಿದಳು.

"ಬದುಕಿದ್ದಾಗ ಒಂದಿನ ನನ್ನ ಊಟಕ್ಕೆ ಕರೀಲಿಲ್ಲ ಕಣಕ್ಕ ಈ ಮನುಷ್ಯ. ಈಗ ನೋಡು, ಒಂದಿನ ತಪ್ಪಿಸಲ್ಲ," ಅಂದಳು.

ಅವಳಿಗೆ ನಗಲು ಬರುತ್ತದೆ. ಆ ವರ್ಷ ನಮ್ಮೂರು ಮತ್ತೆ ಊರಾದದ್ದು ಅರ್ಧಕ್ಕರ್ಧ ಅವಳ ನಗುವಿನಿಂದ ಎಂದು ನನ್ನ ನಂಬಿಕೆ. ಚಿಕ್ಕೀರನ ಹೆಂಡತಿ ಮೊದಮೊದಲು ಚಾವಡಿಯ ಬೀದಿಯಲ್ಲಿ ತಲೆ ತಗ್ಗಿಸಿ ಓಡುತ್ತಿದ್ದಳು. ಮಾದಮ್ಮ ಒಂದು ಮಧ್ಯಾಹ್ನ ಅವಳ ಸೆರಗು ಹಿಡಿದು ಕೂರಿಸಿ, ನಿನ್ನ ಗಂಡನ ಹೆಸರು ಹಿಡಿದು ಕರೀತಾವ್ನೆ, ಅವನ ಬದಲು ನೀನಾದ್ರೂ ಉಣ್ಣು ಅಂದಳಂತೆ. ಈಗ ಇಬ್ಬರೂ ಅಲ್ಲಿ ಉಣ್ಣುತ್ತಾರೆ.

ಇಷ್ಟೆಲ್ಲ ಆಗಿ ಹನ್ನೊಂದು ತಿಂಗಳ ಮೇಲೆ ಗುರುಮಲ್ಲಪ್ಪನವರು ನಮ್ಮ ಮನೆಗೆ ಬಂದರು. ಬಹಳ ಇಳಿದುಹೋಗಿದ್ದರು. ಜಗಲಿಯ ಮೇಲೆ ಕೂತು, ನೀರು ಕುಡಿದು, ಅಪ್ಪನ ಹಳೆಯ ಚಾಪೆಯನ್ನು ಬೆರಳಲ್ಲಿ ಸವರಿದರು. ಬಂದ ಕೆಲಸವನ್ನು ಸುತ್ತಿ ಬಳಸದೆ ಹೇಳಿದರು. ಕಟ್ಟೆಯ ಮಾತನ್ನು ಹೊದಿಸಬೇಕು. ಅವರ ಹೆಂಡತಿ ರೇವಮ್ಮ ಅಂದಿನಿಂದ ಸೇತುವೆಯ ಮೇಲೆ ಕಾಲಿಟ್ಟಿಲ್ಲ. ಹಳ್ಳದಾಚೆಯ ಗುಡಿಗೆ ಹೋಗಬೇಕೆಂದರೆ ಮಂಡಿನೋವು ಇಟ್ಟುಕೊಂಡು, ಕಳ್ಳಿಸಾಲಿನ ದಾರಿಯಲ್ಲಿ ಎರಡು ಮೈಲಿ ಸುತ್ತಿಕೊಂಡು ಹೋಗುತ್ತಾರೆ. ಮನೆಯಲ್ಲಿ ಮಾತು ಬಿಟ್ಟಿಲ್ಲ, ಅನ್ನ ಬಡಿಸುವುದು ಬಿಟ್ಟಿಲ್ಲ. ಆದರೆ ಸಂಜೆಯಾದರೆ ಸುತ್ತುದಾರಿ ಹಿಡಿಯುತ್ತಾರೆ. ಇನ್ನೊಂದನ್ನೂ ಅವರು ಮುಚ್ಚಿಡಲಿಲ್ಲ. ಮೇಡಂ ಈ ವರ್ಷದ ಕೊನೆಗೆ ಬಿಡುತ್ತೇನೆ ಅನ್ನುತ್ತಿದ್ದಾರೆ, ಗುರುಮಲ್ಲಪ್ಪನವರ ಕಡೆಯ ಜನ ನೀವೇ ಮತ್ತೆ ನಿಲ್ಲಿ ಅನ್ನುತ್ತಿದ್ದಾರೆ. ಆ ಮಾತು ಅಲ್ಲಿ ಇರುವವರೆಗೆ ನಿಲ್ಲಲಾಗುವುದಿಲ್ಲ.

"ನಾನು ಯಾರಿಗೂ ಹೇಳಲಿಲ್ಲ ಗಂಗಮ್ಮ," ಅಂದರು. "ಗಾಳೀನ ಕೇಳಿದೆ. ನೀನೇ ಅಲ್ಲಿದ್ದೆ."

ಅಲ್ಲಿದ್ದೆ, ಹೌದು. ಅವರು ನಮ್ಮ ಸೂರಿನ ಮೇಲೆ ಹತ್ತಿ ಹೆಂಚು ಕೂರಿಸುತ್ತಿದ್ದಾಗಲೂ ನಾನು ಕೆಳಗೆ ಏಣಿ ಹಿಡಿದಿದ್ದೆ. ಇಷ್ಟು ವರ್ಷದಲ್ಲಿ ಹೊದಿಸಿಕೊಡು ಅಂತ ಬಂದ ಯಾರಿಗೂ ನಾನು ಇಲ್ಲವೆಂದಿಲ್ಲ. ಏಳು ಸಂಜೆ ಕೇಳುತ್ತೇನೆ ಅಣ್ಣ, ಆಮೇಲೆ ಕೂರುತ್ತೇನೆ ಅಂದೆ. ಅವರು ಕೈಮುಗಿದು ಹೋದರು.

ಇಲ್ಲಿ ಒಂದು ವಿಷಯ ಹೇಳಬೇಕು. ಹಳ್ಳದಾಚೆಯ ಗುಡಿಯಲ್ಲಿ ದೀಪ ಹಚ್ಚುವಾಗ ಹಿಡಿದ ಪದ್ಯವನ್ನು ಮನೆಯ ಹೊಸ್ತಿಲು ತುಳಿಯುವವರೆಗೆ ನಿಲ್ಲಿಸಬಾರದು ಎಂದು ಅಪ್ಪ ಹೇಳಿಕೊಟ್ಟಿದ್ದರು. ಯಾರಾದರೂ ಎದುರಿಗೆ ಬಂದು ಮಾತಾಡಿಸಿದರೆ ಮಾತ್ರ ಬಿಡುವು. ಆದ್ದರಿಂದ ಆ ಹನ್ನೊಂದು ತಿಂಗಳು ದಿನಾ ಸಂಜೆ ಕಟ್ಟೆಯ ಮೇಲೆ ಕಾಲು ತೊಳೆದರೂ, ನಾನು ಬಾಯಲ್ಲಿ ಪದ್ಯ ಇಟ್ಟುಕೊಂಡೇ ತೊಳೆಯುತ್ತಿದ್ದೆ. ಹಾದುಹೋಗುತ್ತ ಹೇಳಿದ ಪದ್ಯ ಯಾವ ಮಾತನ್ನೂ ಹೊದಿಸುವುದಿಲ್ಲ, ಅದಕ್ಕೆ ಒಂದೆಡೆ ಕೂತೇ ಹೇಳಬೇಕು. ಊರವರೆಲ್ಲ ದಿನವೂ ಕೇಳುತ್ತಿದ್ದ ಆ ಮಾತನ್ನು, ದಾರಿಯಲ್ಲಿ ಯಾರೋ ಮಾತಾಡಿಸಿ ಪದ್ಯ ನಿಂತಿದ್ದ ಆ ಮೊದಲ ಸಂಜೆ ಬಿಟ್ಟರೆ, ನಾನೊಬ್ಬಳು ಮತ್ತೆ ಕೇಳಿರಲಿಲ್ಲ.

ಮೊದಲ ಸಂಜೆ ದೀಪವನ್ನು ಬೇಗ ಹಚ್ಚಿ, ಮನೆಗೆ ಹೋಗಿ ಪದ್ಯ ಮುಗಿಸಿ, ತಿರುಗಿ ಬಂದು ಕಟ್ಟೆಯ ಮೂಲೆಯಲ್ಲಿ ಚಾಪೆ ಹಾಸಿದೆ. ಹಳ್ಳದಲ್ಲಿ ನೀರು ಕಡಿಮೆ. ಎಮ್ಮೆಗಳು ದಾಟಿ ಹೋದವು. ಹೊತ್ತಿಗೆ ಸರಿಯಾಗಿ ನೀರು ಹೊಯ್ದ ಸದ್ದಿಲ್ಲದೆ ಮಾತು ಮಾತ್ರ ಬಂತು. ಆ ಪೆಟ್ಟಿಗೆಗೆ ಬೆಂಕಿ ಇಡೋ ಗಂಡಸು. ಗುರುಮಲ್ಲಪ್ಪನವರ ದನಿ, ಹನ್ನೊಂದು ತಿಂಗಳ ಹಿಂದಿನ ಗಟ್ಟಿ ದನಿ. ಆಮೇಲೆ ಇಬ್ಬರ ನಗು. ನಗುವಿನ ಹಿಂದೆ ಇನ್ನೂ ಏನೋ ಒಂದು ಸಣ್ಣದು ಇತ್ತು, ಸರಿಯಾಗಿ ಸಿಗಲಿಲ್ಲ. ಎರಡನೇ ಸಂಜೆ ಗಾಳಿ. ಮೂರನೇ ಸಂಜೆ ಕಿವಿಯನ್ನು ಕಂಬದ ಹತ್ತಿರ ಇಟ್ಟುಕೊಂಡು ಕೂತೆ.

ಹೂಂ.

ಹೆಣ್ಣು ದನಿ. ಮೂಗಿನಿಂದ ಬಂದದ್ದು, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿದ್ದು. ಮುಂದಕ್ಕೆ ಹೇಳು ಅನ್ನುವಂಥದ್ದು. ಆ ಹೂಂ ಅನ್ನು ನಾನು ಆರು ವರ್ಷದವಳಾಗಿದ್ದಾಗಿನಿಂದ ಬಲ್ಲೆ.

ಅಂದದ್ದು ನನಗೆ ನೆನಪೇ ಇಲ್ಲ. ಕಣ್ಣು ಮಿಟುಕಿಸಿದ್ದು ಯಾರಿಗಾದರೂ ನೆನಪಿರುತ್ತದೆಯೇ. ಒಬ್ಬರು ಒಂದು ಸಾಲು ಹೇಳಿ ನಿಲ್ಲಿಸಿದರು, ನಾನು ಹೂಂ ಅಂದೆ. ಪದ್ಯಕ್ಕೆ ಅಂದಂತೆ ಅಂದೆ. ಆದರೆ ಹಿಂದೆ ನಿಂತವರಿಗೆ ಅದು ಪದ್ಯದ ಹೂಂ, ಇದು ಇನ್ನೊಂದು ಹೂಂ ಎಂದು ಗೊತ್ತಾಗುವುದು ಹೇಗೆ? ನಾಲ್ಕನೇ ಸಂಜೆ, ಐದನೇ ಸಂಜೆ, ಆರನೇ ಸಂಜೆಯೂ ಹೋಗಿ ಕೂತೆ. ತಪ್ಪಾಗಿ ಕೇಳಿಸಿಕೊಂಡಿರಬಹುದು ಎಂಬ ಆಸೆ ಒಂದು ಕಡೆ. ದಿನದಿನಕ್ಕೆ ಅದು ಇನ್ನೂ ಸ್ಪಷ್ಟವಾಗಿಯೇ ಕೇಳಿಸಿತು. ದೇವರ ಮುಂದೆ ಕೂತರೆ ಪದ್ಯ ಬಾಯಿಗೆ ಬರುತ್ತಿತ್ತು, ಆದರೆ ಸಾಲಿನ ಕೊನೆಗೆ ಬಂದ ಕೂಡಲೇ ಮುಗ್ಗರಿಸುತ್ತಿತ್ತು.

ಏಳನೇ ದಿನ ಮಧ್ಯಾಹ್ನ ಚಾವಡಿಯ ಹೊಸ್ತಿಲಿಗೆ ಹೋದೆ. ಮಾದಮ್ಮ ಕೂತಿದ್ದಳು, ಚಿಕ್ಕೀರನ ಹೆಂಡತಿ ಅಂದು ಬಂದಿರಲಿಲ್ಲ. ಜವರಯ್ಯ ಕರೆದ. ಮಾದಮ್ಮ ಬುತ್ತಿ ಬಿಚ್ಚಿದಳು. ನಾನು ಹೇಳಿದೆ, ಕಟ್ಟೆಯಲ್ಲಿ ಗುರುಮಲ್ಲಣ್ಣನ ಮಾತಿನ ಹಿಂದೆ ಒಂದು ಹೂಂ ಇದೆ ಮಾದಮ್ಮ, ಅದು ನನ್ನದು.

ಅವಳು ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣಕ್ಕ. ನಿನ್ನ ಹೂಂ ಯಾರಿಗೆ ಗೊತ್ತಿಲ್ಲ ಈ ಊರಲ್ಲಿ. ಚಿಕ್ಕೀರನೂ ಅದನ್ನೇ ಅಂದಿದ್ನಂತೆ, ಪದ್ಯದ ಅಕ್ಕನೇ ಹೂಂ ಅಂದ್ರು ಅಂತ. ಬರ್ಕೊಳ್ಳೋರು ಅದನ್ನ ಬರ್ಕೊಳ್ಳಲಿಲ್ಲ."

ಮತ್ತೆ ನನಗ್ಯಾಕೆ ಯಾರೂ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀನು ಪದ್ಯ ಹೇಳೋದು ಬಿಟ್ಟುಬಿಡ್ತಿದ್ದೆ," ಅಂದಳು. "ಆಮೇಲೆ ನನ್ನ ಸೊಸೆ ಬಾಯಿಗೆ ಹೊದಿಸೋರು ಯಾರು?"

ಅವಳ ಸೊಸೆಯ ಬಾಯಿ ನಮ್ಮೂರಿನಲ್ಲಿ ಹೆಸರಾದದ್ದು, ನಾನು ಮೂರು ಸಲ ಹೋಗಿದ್ದೇನೆ. ನಗು ಬಂತು. ನಗುತ್ತ ನಗುತ್ತ ಕಣ್ಣು ತುಂಬಿತು, ಅದನ್ನು ಅವಳು ನೋಡಿದರೂ ನೋಡದಂತೆ ಸಾರು ಬಡಿಸಿದಳು. ಗುರುಮಲ್ಲಪ್ಪನವರು ಹೊದಿಸಲು ಕೇಳಿದ್ದಾರೆ, ಇಂದು ಏಳನೇ ದಿನ, ಏನು ಮಾಡಲಿ ಎಂದು ಕೇಳಿದೆ. ಅವಳು ಒಂದು ತುತ್ತು ನುಂಗಿ, ಹೊಸ್ತಿಲ ಮಸಿಯ ಮೇಲೆ ಕೈ ಆಡಿಸಿದಳು. ಅದು ನನ್ನ ಕೇಳಬೇಡ, ನನಗೆ ನನ್ನ ಗಂಡನ ಮಾತು ಇದೆ, ಅಷ್ಟು ಸಾಕು ಅಂದಳು. ಮುದ್ದೆ ನನ್ನ ಕಡೆ ಸರಿಸಿ, ಊಟ ಮಾಡು ಮೊದಲು, ಅಂದಳು.

ಉಂಡೆ. ಹುರುಳಿಯ ಸಾರು ಬಹಳ ಚೆನ್ನಾಗಿತ್ತು. ಆ ಮಧ್ಯಾಹ್ನ ಮನೆಗೆ ಬಂದು ಅವ್ವನ ಒಲೆಯ ಮುಂದೆ ಕೂತೆ. ನಲವತ್ತು ವರ್ಷದ ಹಿಂದಿನ ನನ್ನ ಎಳೆಯ ದನಿ ಅಲ್ಲಿ ಬೆಳಿಗ್ಗೆ ಮಾತ್ರ ಕೇಳಿಸುತ್ತದೆ, ಮಧ್ಯಾಹ್ನ ಏನೂ ಇಲ್ಲ. ಆದರೂ ಕೂತೆ. ಮನಸ್ಸು ಹಗುರವಾಗಿತ್ತು ಎಂದರೆ ನಂಬುತ್ತೀರೋ ಇಲ್ಲವೋ. ನಾನು ನಾಲ್ಕು ದಿನ ಹೊತ್ತು ತಿರುಗಿದ ಭಾರವನ್ನು ಊರು ಹನ್ನೊಂದು ತಿಂಗಳಿಂದ ನನ್ನ ಬದಲು ಹೊತ್ತಿತ್ತು, ದಿನಾ ಸಂಜೆ ನನ್ನನ್ನು ದೀಪ ಹಚ್ಚಲು ಕಳಿಸುತ್ತಲೇ ಇತ್ತು. ಅಂಥವರ ನಡುವೆ ಹುಟ್ಟಿಸಿದ್ದಕ್ಕೆ ದೇವರಿಗೆ ಕೈಮುಗಿದೆ.

ಸಂಜೆ ಕಟ್ಟೆಗೆ ಹೋದಾಗ ಗುರುಮಲ್ಲಪ್ಪನವರು ಆಗಲೇ ಬಂದಿದ್ದರು. ಹೊಸ ಚಾಪೆ ತಂದಿದ್ದರು, ದೀಪದ ಕಂಬ, ಒಂದು ಗಿಂಡಿಯ ತುಂಬ ಎಣ್ಣೆ. ಸೇತುವೆಯ ಆಚೆ, ಕಳ್ಳಿಸಾಲಿನ ತಿರುವಿನಲ್ಲಿ, ರೇವಮ್ಮನವರು ಕೋಲೂರಿಕೊಂಡು ಸುತ್ತುದಾರಿಯಲ್ಲಿ ಹೋಗುತ್ತಿರುವುದು ಕಾಣಿಸುತ್ತಿತ್ತು. ಗುರುಮಲ್ಲಪ್ಪನವರು ಅದನ್ನೇ ನೋಡುತ್ತಿದ್ದರು.

ನಾಳೆಯಿಂದ ಶುರು ಮಾಡುತ್ತೀಯಲ್ಲ ತಾಯಿ ಎಂದು ಕೇಳಿದರು. ನಾನು, ನಿಮ್ಮ ಮಾತಿನ ಹಿಂದೆ ನನ್ನ ಹೂಂ ಇದೆ ಅಣ್ಣ, ಕೇಳಿದ್ದೀರಾ ಅಂದೆ. ಅವರು ತಲೆ ತಗ್ಗಿಸಿದರು. ಮೊದಲ ದಿನವೇ ಕೇಳಿದ್ದರಂತೆ. ವಿಚಾರಣೆಯವರು ಈ ಹೆಣ್ಣು ದನಿ ಯಾರದ್ದು ಎಂದು ಇದೇ ಕಟ್ಟೆಯ ಮೇಲೆ ಅವರನ್ನು ಕೇಳಿದ್ದರಂತೆ. ಗೊತ್ತಿಲ್ಲ ಅಂದಿದ್ದರಂತೆ.

"ನಿನ್ನ ಹೆಸರು ನಾನು ಎಲ್ಲೂ ಎತ್ತಲಿಲ್ಲ," ಅಂದರು. "ಎತ್ತೋದೂ ಇಲ್ಲ. ಹೊದಿಸಿದ್ರೆ ಇಬ್ಬರದ್ದೂ ಹೋಗತ್ತೆ ಗಂಗಮ್ಮ. ನಾನೊಬ್ಬನೇ ಹಗುರಾಗಲ್ಲ, ನೀನೂ ಆಗ್ತೀಯ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನ್ನ ಮೇಲೆ ಅವರಿಗಿದ್ದ ವಿಶ್ವಾಸವೂ ಸುಳ್ಳಲ್ಲ. ಇಪ್ಪತ್ತೊಂದು ಸಂಜೆ ಕೂತು ಅಪ್ಪನ ಪದ್ಯ ಹೇಳಿದರೆ ಇಲ್ಲಿ ಪದ್ಯ ಮಾತ್ರ ಇರುತ್ತದೆ. ರೇವಮ್ಮ ಸೇತುವೆ ದಾಟುತ್ತಾರೆ. ಇವರು ಮತ್ತೆ ನಿಲ್ಲುತ್ತಾರೆ, ಗೆದ್ದರೂ ಗೆಲ್ಲುತ್ತಾರೆ. ಜವರಯ್ಯ ಮಾತ್ರ ಚಾವಡಿಯಲ್ಲಿ ದಿನಾ ಮಧ್ಯಾಹ್ನ ಊಟಕ್ಕೆ ಕರೆಯುತ್ತಲೇ ಇರುತ್ತಾನೆ. ಯಾರು ಬಂದರು, ಯಾಕೆ ಬಂದರು ಎಂಬುದಕ್ಕೆ ಅರ್ಧ ಉತ್ತರ ಅಲ್ಲಿ, ಇನ್ನರ್ಧ ಇಲ್ಲಿ ಇತ್ತು. ಇಲ್ಲಿಯದು ಹೋದರೆ ಆ ಮೂವರು ಎಲ್ಲಿಂದಲೋ ಸೀದಾ ಸೀಮೆಎಣ್ಣೆ ಹಿಡಿದು ಬಂದಂತಾಗುತ್ತದೆ.

ನಾವು ಇಬ್ಬರೂ ಚಾಪೆಯ ಮೇಲೆ ಸುಮ್ಮನೆ ಕೂತಿದ್ದೆವು, ಆದ್ದರಿಂದ ಹೊತ್ತಿಗೆ ಸರಿಯಾಗಿ ಮಾತು ಬಂತು. ಪೆಟ್ಟಿಗೆ, ಬೆಂಕಿ, ಗಂಡಸು. ಅವರು ಕಣ್ಣು ಮುಚ್ಚಿಕೊಂಡರು. ನಗು ಬಂತು. ನನ್ನ ಹೂಂ ಬಂತು. ನಾನು ಕಣ್ಣು ಮುಚ್ಚಲಿಲ್ಲ.

"ಹ್ಯಾಗಿದೆ ನೋಡು," ಅಂದರು ಅವರು, ಬಹಳ ಮೆಲ್ಲಗೆ. "ದಿನಾ ಇದು. ಹೊದಿಸು ತಾಯಿ. ನಿಮ್ಮಪ್ಪ ಇದ್ದಿದ್ರೆ ಹೊದಿಸಿರೋರು. ಹೊದಿಸ್ತೀಯಲ್ಲ?"

ಹೇಳಿ ನಿಲ್ಲಿಸಿದರು. ಒಂದು ಸಾಲು ಮುಗಿದಂತೆ ನಿಲ್ಲಿಸಿದರು. ನನ್ನ ಮೂಗಿನ ತುದಿಯವರೆಗೆ ಅದು ಬಂತು, ಐವತ್ತು ವರ್ಷದ ರೂಢಿ. ಅದನ್ನು ಅಲ್ಲೇ ತಡೆದು ಹಿಡಿದೆ. ಚಾಪೆಯಿಂದ ಕೆಳಗಿಳಿದು, ಅಂದು ಕಾಲು ತೊಳೆದ ಅದೇ ಕಲ್ಲಿನ ಮೇಲೆ, ಹಳ್ಳದ ಈಚೆ, ಎರಡೂ ಕಾಲು ಊರಿ ನಿಂತುಕೊಂಡೆ. ನಾನು ಹೇಳುವುದು ಉಳಿಯುವುದೋ ಇಲ್ಲವೋ ಗೊತ್ತಿರಲಿಲ್ಲ. ಉಳಿದರೆ ಸರಿಯಾಗಿ ಕೇಳಿಸಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

"ಇಲ್ಲ ಗುರುಮಲ್ಲಣ್ಣ. ಹೊದಿಸೋದಿಲ್ಲ."